ಸಕ್ಕರೆ ಏರುವ ಮೊದಲೇ ಬಿಳಿ ರಕ್ತಕಣಕ್ಕೆ ಗೊತ್ತಾಗುತ್ತಾ?

ನಾನು ಮೊದಲಿಂದಲೂ ಸಣಕಲು ಮೈಯವನು. ಮದುವೆ ಊಟದಲ್ಲಿ ಎರಡನೇ ಹೋಳಿಗೆ ಬೇಡ ಅಂದರೆ ‘ನಿನಗೆಲ್ಲಿಂದ ಶುಗರ್ ಬರಬೇಕಪ್ಪ, ಹಾಕಿಸ್ಕೋ’ ಅಂತ ಎಲೆಗೆ ಬಡಿಸಿಯೇ ಮುಂದೆ ಹೋಗುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ. 42ನೇ ವಯಸ್ಸಿನಲ್ಲಿ ಕಚೇರಿಯ ಆರೋಗ್ಯ ತಪಾಸಣೆಯಲ್ಲಿ ಎಚ್‌ಬಿಎ1ಸಿ 6.1 ಬಂತು. ಡಯಾಬಿಟಿಸ್ ಅಲ್ಲ, ಅದರ ಹೊಸ್ತಿಲು. ತೂಕ ಮಾತ್ರ ಚಾರ್ಟ್ ಪ್ರಕಾರ ಸರಿಯಾಗೇ ಇತ್ತು. ರಿಪೋರ್ಟ್ ನೋಡಿದ ವೈದ್ಯರು ಹೇಳಿದ್ದು ಇಷ್ಟೇ: ‘ಇದು ಈ ವರ್ಷ ಶುರುವಾದದ್ದಲ್ಲ. ಒಳಗೆ ಯಾವಾಗಿಂದಲೋ ನಡೀತಿದೆ, ಈಗ ಕಾಗದದ ಮೇಲೆ ಬಂದಿದೆ.’

ಆ ‘ಯಾವಾಗಿಂದಲೋ’ ಅನ್ನುವ ಮಾತು ನನ್ನನ್ನು ಬಿಡಲಿಲ್ಲ. ಒಳಗೆ ನಡೀತಿದ್ದರೆ ಅದಕ್ಕೊಂದು ಗುರುತು ಇರಬೇಕಲ್ಲ? ಅದೇ ವಾರ ಫೋನಿನಲ್ಲಿ ಒಂದು ಜಾಹೀರಾತು ಬಂತು. ಮನೆಯಿಂದಲೇ ಎಂಜಲಿನ ಸ್ಯಾಂಪಲ್ ಕೊಡಿ, ನಿಮಗೆ ಶುಗರ್ ಬರುತ್ತದೋ ಇಲ್ಲವೋ ನಿಮ್ಮ ಜೀನ್‌ಗಳೇ ಹೇಳುತ್ತವೆ ಅಂತ. ದುಡ್ಡು ಕಟ್ಟುವ ಮೊದಲು ಒಂದಿಷ್ಟು ಓದೋಣ ಅಂತ ಕೂತೆ. ಗೊತ್ತಾಗಿದ್ದು ಎರಡು ವಿಷಯ. ಒಂದು, ನಮ್ಮ ಬಿಳಿ ರಕ್ತಕಣಗಳಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಳೆದು, ಚಯಾಪಚಯದ ಏರುಪೇರನ್ನು ಮುಂಚೆಯೇ ಹಿಡಿಯುವ ಸಂಶೋಧನೆ ನಿಜಕ್ಕೂ ನಡೆಯುತ್ತಿದೆ, ಅದರಲ್ಲಿ ಹುರುಳೂ ಇದೆ. ಎರಡು, ಆ ಜಾಹೀರಾತು ಮಾರುತ್ತಿದ್ದದ್ದು ಅದನ್ನಲ್ಲ. ಈ ಎರಡನ್ನೂ ಬಿಡಿಸಿ ಹೇಳುವ ಪ್ರಯತ್ನ ಇದು.

ಸಕ್ಕರೆ ಏರುವುದು ಕೊನೆಯಲ್ಲಿ

ಊಟ ಮಾಡಿದಾಗ ರಕ್ತದಲ್ಲಿ ಗ್ಲುಕೋಸ್ ಏರುತ್ತದೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಅದರ ಮಾತು ಕೇಳಿ ಸ್ನಾಯು ಮತ್ತು ಕೊಬ್ಬಿನ ಕೋಶಗಳು ಗ್ಲುಕೋಸನ್ನು ಒಳಗೆಳೆದುಕೊಳ್ಳುತ್ತವೆ, ಲಿವರ್ ತಾನು ಗ್ಲುಕೋಸ್ ಬಿಡುವುದನ್ನು ಕಡಿಮೆ ಮಾಡುತ್ತದೆ. ಈ ಅಂಗಗಳು ಇನ್ಸುಲಿನ್ ಮಾತಿಗೆ ಕಿವಿಗೊಡುವುದು ಕಡಿಮೆಯಾದರೆ ಅದೇ ಇನ್ಸುಲಿನ್ ಪ್ರತಿರೋಧ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ತಯಾರಿಸಿ ಹೇಗೋ ನಿಭಾಯಿಸುತ್ತದೆ. ಈ ಹೆಣಗಾಟ ನಡೆಯುವಷ್ಟೂ ಕಾಲ ಸಕ್ಕರೆಯ ರಿಪೋರ್ಟ್ ‘ನಾರ್ಮಲ್’ ಅಂತಲೇ ಬರುತ್ತಿರುತ್ತದೆ. ಗ್ರಂಥಿ ಸೋತ ಮೇಲಷ್ಟೇ ಸಕ್ಕರೆ ಏರೋದು.

ಇದು ಬರೀ ಊಹೆಯಲ್ಲ. ಲಂಡನ್ನಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದ 6,500ಕ್ಕೂ ಹೆಚ್ಚು ಜನರ ಮಾಹಿತಿ 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಡಯಾಬಿಟಿಸ್ ಬಂದವರಲ್ಲಿ ರೋಗ ಪತ್ತೆಯಾಗುವ ಸುಮಾರು 5 ವರ್ಷ ಮೊದಲಿಂದ ಇನ್ಸುಲಿನ್‌ಗೆ ಸ್ಪಂದಿಸುವ ಗುಣ ಕಡಿದಾಗಿ ಇಳಿದಿತ್ತು. ಖಾಲಿ ಹೊಟ್ಟೆಯ ಸಕ್ಕರೆ ಜೋರಾಗಿ ಏರಿದ್ದು ಕೊನೆಯ 3 ವರ್ಷಗಳಲ್ಲಿ.

ನಾವು ಈಗ ನೆಚ್ಚಿಕೊಂಡಿರುವ ಎಚ್‌ಬಿಎ1ಸಿ ಕೂಡ ಕಳೆದುಹೋದದ್ದರ ಲೆಕ್ಕವೇ. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಅಷ್ಟರಲ್ಲಿ ಅದರ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿತು ಅಂತ ನೋಡಿ ಎರಡು ಮೂರು ತಿಂಗಳ ಸರಾಸರಿ ಹೇಳುತ್ತಾರೆ. 5.7ರಿಂದ 6.4ರವರೆಗೆ ಪ್ರಿಡಯಾಬಿಟಿಸ್, 6.5 ಮುಟ್ಟಿದರೆ ಡಯಾಬಿಟಿಸ್. ಸಾಮಾನ್ಯವಾಗಿ ಸಕ್ಕರೆ ಏರದೆ ಈ ಸಂಖ್ಯೆ ಏರುವುದಿಲ್ಲ. ಅಂದ್ರೆ ಇದು ಬೆಂಕಿ ಹತ್ತಿದ್ದನ್ನು ಹೇಳುತ್ತದೆ, ಒಳಗೆ ಕಾವೇರುತ್ತಿದ್ದದ್ದನ್ನು ಹೇಳುವುದಿಲ್ಲ.

ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಡಯಾಬಿಟಿಸ್ ಇದೆ, 13.6 ಕೋಟಿ ಜನ ಪ್ರಿಡಯಾಬಿಟಿಸ್ ಹಂತದಲ್ಲಿದ್ದಾರೆ. ಇವರೆಲ್ಲ ಸಕ್ಕರೆ ಏರಿದ ಮೇಲೆ ಲೆಕ್ಕಕ್ಕೆ ಸಿಕ್ಕವರು.

ತೆಳ್ಳಗಿನ ಮೈ, ಒಳಗಿನ ಕೊಬ್ಬು

ನನ್ನಂಥ ತೆಳ್ಳಗಿನವರಿಗೆ ಹೀಗೇಕಾಗುತ್ತದೆ? ಪುಣೆಯ ವೈದ್ಯ ವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರ ‘ಲ್ಯಾನ್ಸೆಟ್’ನಲ್ಲಿ ತಮ್ಮದೇ ಫೋಟೋ ಹಾಕಿ ಒಂದು ಪುಟದ ಟಿಪ್ಪಣಿ ಬರೆದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬಿನ ಪಾಲು ಶೇ. 9.1, ಯಾಜ್ಞಿಕ್ ಅವರದ್ದು ಶೇ. 21.2. ತಕ್ಕಡಿಗೆ ಇಬ್ಬರೂ ಒಂದೇ, ಒಳಗೆ ಬೇರೆ ಬೇರೆ. ನಮ್ಮಲ್ಲಿ ಹುಟ್ಟುವ ಮಕ್ಕಳು ತೂಕದಲ್ಲಿ ಕಡಿಮೆಯಿದ್ದರೂ ಕೊಬ್ಬಿನಲ್ಲಿ ಕಡಿಮೆಯಿರೋದಿಲ್ಲ ಅಂತ ಯಾಜ್ಞಿಕ್ ತಂಡ ಪುಣೆ ಸುತ್ತಲಿನ ಹಳ್ಳಿಗಳಲ್ಲಿ ತೋರಿಸಿತ್ತು.

ಹಾಗಾಗಿ ‘ದಪ್ಪಗಿದ್ದವರಿಗೆ ಶುಗರ್’ ಅನ್ನುವ ಲೆಕ್ಕ ನಮ್ಮಲ್ಲಿ ಕೈಕೊಡುತ್ತದೆ. ತೂಕ ಸುಳ್ಳು ಹೇಳುತ್ತದೆ, ಸಕ್ಕರೆ ತಡವಾಗಿ ಹೇಳುತ್ತದೆ. ಇವೆರಡರ ನಡುವೆ ಬೇಗ ಸಿಗುವ ಒಂದು ಗುರುತು ಬೇಕು. ಬಿಳಿ ರಕ್ತಕಣಗಳ ಕಡೆಗೆ ವಿಜ್ಞಾನಿಗಳ ಗಮನ ಹೋಗಿದ್ದು ಇಂಥ ಹುಡುಕಾಟದಲ್ಲೇ.

ಸರಕಿನ ಪಟ್ಟಿ ಬೇರೆ, ಬಿಲ್ ಪುಸ್ತಕ ಬೇರೆ

ಕಿರಾಣಿ ಅಂಗಡಿಯೊಂದನ್ನು ನೆನೆಸಿಕೊಳ್ಳಿ. ಅಲ್ಲಿ ಏನೇನು ಸಿಗುತ್ತದೆ ಅನ್ನುವ ಪಟ್ಟಿ ಒಂದು. ಇವತ್ತು ಏನೇನು, ಎಷ್ಟೆಷ್ಟು ಖರ್ಚಾಯಿತು ಅನ್ನುವ ಬಿಲ್ ಪುಸ್ತಕ ಇನ್ನೊಂದು. ಡಿಎನ್‌ಎ ಅಂದ್ರೆ ಪಟ್ಟಿ. ಅದು ಹುಟ್ಟಿನಿಂದ ಸಾಯುವವರೆಗೂ ಹೆಚ್ಚುಕಡಿಮೆ ಒಂದೇ, ಲಿವರ್‌ನಲ್ಲೂ ಅದೇ, ಎಂಜಲಿನಲ್ಲೂ ಅದೇ. ಒಂದು ಜೀನ್ ಕೆಲಸ ಮಾಡಬೇಕಾದಾಗ ಅದರ ನಕಲು ಆರ್‌ಎನ್‌ಎ ರೂಪದಲ್ಲಿ ತಯಾರಾಗುತ್ತದೆ. ಆ ನಕಲುಗಳೇ ಬಿಲ್ ಪುಸ್ತಕ. ಯಾವ ಜೀನಿನ ನಕಲು ಎಷ್ಟಿದೆ ಅಂತ ಎಣಿಸಿದರೆ ಕೋಶ ಈಗ ಏನು ಮಾಡುತ್ತಿದೆ ಅಂತ ಗೊತ್ತಾಗುತ್ತದೆ. ಇದನ್ನೇ ಜೀನ್ ಅಭಿವ್ಯಕ್ತಿ ಅನ್ನುತ್ತಾರೆ.

ನನ್ನ ಫೋನಿಗೆ ಬಂದ ಜಾಹೀರಾತು ಪಟ್ಟಿ ಓದುವ ಪರೀಕ್ಷೆಯದ್ದು. ಅದು ಹೆಚ್ಚೆಂದರೆ ಹುಟ್ಟಿನಿಂದ ಬಂದ ಸಾಧ್ಯತೆ ಹೇಳಬಹುದು. ಇವತ್ತು ನನ್ನ ಮೈಯಲ್ಲಿ ಏನಾಗುತ್ತಿದೆ ಅಂತ ಹೇಳಲಾರದು. ನಾನು 10 ಕೆಜಿ ಇಳಿದರೂ ಏರಿದರೂ ಅದರ ಉತ್ತರ ಬದಲಾಗೋದಿಲ್ಲ.

ಬಿಲ್ ಪುಸ್ತಕ ಓದಬೇಕಾದರೆ ನಿಜಕ್ಕೂ ಲಿವರ್, ಕೊಬ್ಬು, ಸ್ನಾಯುವಿನ ಚೂರು ಬೇಕು. ಆರೋಗ್ಯವಾಗಿರುವವರ ಲಿವರ್‌ಗೆ ಸೂಜಿ ಚುಚ್ಚೋಕಾಗುತ್ತಾ? ಅದಕ್ಕೇ ರಕ್ತ. ಕೆಂಪು ಕಣದಲ್ಲಿ ಕೋಶಕೇಂದ್ರವೇ ಇಲ್ಲ, ಹೊಸ ನಕಲು ತಯಾರಾಗುವುದಿಲ್ಲ. ಬಿಳಿ ಕಣದಲ್ಲಿ ಇದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 4,000ದಿಂದ 11,000 ಬಿಳಿ ಕಣಗಳಿರುತ್ತವೆ. ಅವುಗಳಲ್ಲಿ ಲಿಂಫೋಸೈಟ್ ಮತ್ತು ಮೋನೋಸೈಟ್‌ಗಳನ್ನು ಬೇರ್ಪಡಿಸಿ ತೆಗೆದರೆ ಅದನ್ನು ಪಿಬಿಎಂಸಿ ಅನ್ನುತ್ತಾರೆ. ಇವು ಮೈಯೆಲ್ಲ ಸುತ್ತುತ್ತವೆ. ಲಿವರ್ ಬಿಟ್ಟ ಕೊಬ್ಬು, ಗ್ರಂಥಿ ಬಿಟ್ಟ ಇನ್ಸುಲಿನ್, ಕೊಬ್ಬಿನ ಕೋಶ ಬಿಟ್ಟ ರಾಸಾಯನಿಕ ಎಲ್ಲದರಲ್ಲೂ ತೊಯ್ಯುತ್ತವೆ, ಅದಕ್ಕೆ ತಕ್ಕಂತೆ ತಮ್ಮ ಜೀನ್‌ಗಳನ್ನು ಏರಿಸಿ ಇಳಿಸಿಕೊಳ್ಳುತ್ತವೆ. ಚೂಂಗ್-ಚಿನ್ ಲೀವ್ ಅವರ ತಂಡ 2006ರಲ್ಲಿ ಮೆದುಳು, ಹೃದಯ, ಲಿವರ್ ಸೇರಿ 9 ಅಂಗಗಳ ಜೊತೆ ರಕ್ತವನ್ನು ಹೋಲಿಸಿ ನೋಡಿತು. ಪ್ರತಿ ಅಂಗದಲ್ಲೂ ಕೆಲಸ ಮಾಡುವ ಜೀನ್‌ಗಳಲ್ಲಿ ಶೇ. 80ರಷ್ಟು ರಕ್ತಕಣಗಳಲ್ಲೂ ಕೆಲಸ ಮಾಡುತ್ತಿದ್ದವು. ರಕ್ತಕಣ ಮೈಯ ಕಾವಲುಗಾರನಿದ್ದಂತೆ, ಎಲ್ಲೇ ಏನಾದರೂ ಅದರಲ್ಲಿ ಗುರುತು ಮೂಡುತ್ತದೆ ಅನ್ನುವುದು ಅವರ ವಾದ.

ಇಲ್ಲಿಯವರೆಗೆ ಕಂಡದ್ದು

ಕೊಬ್ಬಿಗೂ ಬಿಳಿ ಕಣಗಳಿಗೂ ಇರುವ ನಂಟು ಹಳೆಯದು. ಬೊಜ್ಜು ಬಂದ ಪ್ರಾಣಿಗಳ ಕೊಬ್ಬಿನಲ್ಲಿ ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ಪ್ರೋಟೀನ್ ತಯಾರಾಗುತ್ತದೆ, ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ ಅಂತ ಗೋಖಾನ್ ಹೋತಾಮಿಸ್ಲಿಗಿಲ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದರು. ರಕ್ತದ ಮೋನೋಸೈಟ್‌ಗಳು ಕೊಬ್ಬಿನೊಳಗೆ ಹೋಗಿ ಮ್ಯಾಕ್ರೋಫೇಜ್‌ಗಳಾಗಿ ಬೀಡುಬಿಡುತ್ತವೆ ಅನ್ನುವುದು 2003ರಲ್ಲಿ ಗೊತ್ತಾಯಿತು.

ಅಮೆರಿಕದ ಬಫಲೋದಲ್ಲಿ ಪರೇಶ್ ದಂಡೋನ ಅವರ ತಂಡ ಇನ್ನೂ ಹತ್ತಿರದಿಂದ ನೋಡಿತು. 75 ಗ್ರಾಂ ಗ್ಲುಕೋಸ್ ಕುಡಿಸಿದರೆ, ಅಂದ್ರೆ ನಮ್ಮ ಗರ್ಭಿಣಿಯರಿಗೆ ಪರೀಕ್ಷೆಗೆ ಕುಡಿಸುವಷ್ಟೇ, ಆರೋಗ್ಯವಂತರ ಬಿಳಿ ಕಣಗಳೂ ಕೆಲವೇ ಗಂಟೆಗಳಲ್ಲಿ ಕೆರಳುತ್ತವೆ ಅಂತ 2000ದಲ್ಲಿ ವರದಿ ಮಾಡಿತು. ಬೊಜ್ಜು ಇರುವವರ ಪಿಬಿಎಂಸಿಯಲ್ಲಿ ಉರಿಯೂತದ ಜೀನ್‌ಗಳು ಸದಾ ಚುರುಕಾಗಿರುತ್ತವೆ ಅಂತ 2004ರಲ್ಲಿ ತೋರಿಸಿತು.

ನನ್ನಂಥವರಿಗೆ ಹೆಚ್ಚು ಸಂಬಂಧಪಟ್ಟ ಕೆಲಸ ಸ್ಪೇನಿನ ಬಾಲೆರಿಕ್ ದ್ವೀಪಗಳ ವಿಶ್ವವಿದ್ಯಾಲಯದ್ದು. ಅಲ್ಲಿನ ಅಂದ್ರೆಯು ಪಾಲೌ, ಪೌಲಾ ಒಲಿವೆರ್ ತಂಡ ಇಲಿಗಳಿಗೆ ಕ್ಯಾಲರಿ ಹೆಚ್ಚಿಸದೆ, ಕೊಬ್ಬಿನ ಪಾಲು ಮಾತ್ರ ಹೆಚ್ಚಿಸಿದ ಆಹಾರವನ್ನು ತಿಂಗಳುಗಟ್ಟಲೆ ಕೊಟ್ಟಿತು. ತೂಕ ಏರಲಿಲ್ಲ. ಆದರೆ ಲಿವರ್‌ನಲ್ಲಿ ಕೊಬ್ಬು ಕೂತಿತು. ಅದೇ ಹೊತ್ತಿಗೆ ರಕ್ತಕಣಗಳಲ್ಲಿ ಸಿಪಿಟಿ1ಎ ಎಂಬ ಜೀನಿನ ಮಟ್ಟ ಬದಲಾಗಿತ್ತು. ಕೊಬ್ಬಿನಾಮ್ಲವನ್ನು ಉರಿಸಲು ಮೈಟೋಕಾಂಡ್ರಿಯಾದ ಒಳಗೆ ಬಿಡುವ ಬಾಗಿಲು ಕಾಯುವ ಜೀನ್ ಅದು. ಹೊರಗೆ ತೆಳ್ಳಗೆ, ಒಳಗೆ ಕೆಟ್ಟಿರುವ ಸ್ಥಿತಿಯನ್ನು ರಕ್ತದಿಂದಲೇ ಹಿಡಿಯಬಹುದು ಅನ್ನುವ ಆಸೆ ಹುಟ್ಟಿದ್ದು ಇಂಥ ಕಡೆ. ಯುರೋಪಿನ 8 ದೇಶಗಳ ಮಕ್ಕಳನ್ನು ನೋಡಿದ ಐಡೆಫಿಕ್ಸ್ ಅಧ್ಯಯನದಲ್ಲೂ ತೂಕ ಹೆಚ್ಚಿದ್ದ ಮತ್ತು ಸರಿಯಿದ್ದ ಮಕ್ಕಳ ರಕ್ತಕಣಗಳಲ್ಲಿ ಸಿಪಿಟಿ1ಎ, ಇನ್ಸುಲಿನ್ ಗ್ರಾಹಿ ಜೀನ್ ಮುಂತಾದವುಗಳ ಮಟ್ಟ ಬೇರೆ ಬೇರೆ ಇದ್ದದ್ದು 2012ರಲ್ಲಿ ವರದಿಯಾಯಿತು.

ಯಾಕೆ ಇನ್ನೂ ಲ್ಯಾಬಿಗೆ ಬಂದಿಲ್ಲ?

ಇಷ್ಟು ಓದಿದಾಗ ನನಗೂ ಉತ್ಸಾಹ ಬಂದಿತ್ತು. ಆಮೇಲೆ ತೊಡಕುಗಳು ಒಂದೊಂದಾಗಿ ಕಂಡವು.

ಮೊದಲನೆಯದು, ರಕ್ತಕಣ ಎಲ್ಲ ಸುದ್ದಿಯನ್ನೂ ಕೇಳಿಸಿಕೊಳ್ಳುತ್ತದೆ. ಬೆಳಿಗ್ಗೆ ತಿಂದ ಪೂರಿ, ನಿನ್ನೆಯ ನಿದ್ದೆಗೇಡು, ಮೊನ್ನೆಯ ನೆಗಡಿ ಎಲ್ಲವೂ ಅದರ ಬಿಲ್ ಪುಸ್ತಕದಲ್ಲಿ ಇರುತ್ತವೆ. ಇದಕ್ಕೆ ಒಳ್ಳೆಯ ಉದಾಹರಣೆ ಟೈಪ್ 1 ಡಯಾಬಿಟಿಸ್‌ನದ್ದು. ಫಿನ್‌ಲೆಂಡ್ ಮತ್ತು ಜರ್ಮನಿಯ ಎರಡು ತಂಡಗಳು ಆ ರೋಗದ ಅಪಾಯವಿದ್ದ ಮಕ್ಕಳನ್ನು ಹುಟ್ಟಿನಿಂದ ಗಮನಿಸಿ 2014ರಲ್ಲಿ ಒಂದು ವಿಷಯ ಹೇಳಿದವು. ರೋಗದ ಮೊದಲ ಗುರುತಾದ ಆಟೋಆಂಟಿಬಾಡಿಗಳು ಕಾಣುವ ಮೊದಲೇ ಮಕ್ಕಳ ರಕ್ತದಲ್ಲಿ ಇಂಟರ್‌ಫೆರಾನ್‌ಗೆ ಸ್ಪಂದಿಸುವ ಜೀನ್‌ಗಳು ಏರಿದ್ದವು. ಜೀನ್ ಅಭಿವ್ಯಕ್ತಿ ಮುಂಚೆಯೇ ಸುಳಿವು ಕೊಡಬಲ್ಲದು ಅನ್ನೋದಕ್ಕೆ ಇದು ಬಲವಾದ ಸಾಕ್ಷಿ. ಆದರೆ ಅದೇ ಗುರುತು ಮಕ್ಕಳಿಗೆ ಶೀತ, ಕೆಮ್ಮು ಬಂದುಹೋದಾಗಲೂ ಏರುತ್ತಿತ್ತು. ಒಂದು ಮಗುವಿನ ಒಂದು ದಿನದ ರಕ್ತ ನೋಡಿ ಇದು ರೋಗದ ಮುನ್ಸೂಚನೆಯೋ ನೆಗಡಿಯೋ ಅಂತ ಹೇಳೋದು ಹೇಗೆ?

ಎರಡನೆಯದು, ಕಣಗಳ ಮಿಶ್ರಣ. ಸೋಂಕು ಬಂದಾಗ ಒಂದು ಬಗೆಯ ಕಣ ಹೆಚ್ಚುತ್ತದೆ, ಇನ್ನೊಂದು ಕಡಿಮೆಯಾಗುತ್ತದೆ. ಆಗ ಯಾವ ಜೀನೂ ತನ್ನ ಕೆಲಸ ಬದಲಿಸದಿದ್ದರೂ ಒಟ್ಟು ಲೆಕ್ಕ ಬದಲಾದಂತೆ ಕಾಣುತ್ತದೆ. ಮೂರನೆಯದು, ಆರ್‌ಎನ್‌ಎ ಬೇಗ ಕೆಡುತ್ತದೆ. ರಕ್ತ ತೆಗೆದ ತಕ್ಷಣ ವಿಶೇಷ ಟ್ಯೂಬಿಗೆ ಹಾಕಬೇಕು ಅಥವಾ ಕಣಗಳನ್ನು ಬೇರ್ಪಡಿಸಿ ಆಳವಾದ ಶೈತ್ಯದಲ್ಲಿ ಇಡಬೇಕು. ಮಧ್ಯಾಹ್ನ ಕರೆಂಟ್ ಹೋಗುವ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜಿಲ್ಲಾ ಲ್ಯಾಬಿಗೆ ಬಸ್ಸಿನಲ್ಲಿ ಹೋಗುವ ಸ್ಯಾಂಪಲ್ಲಿಗೆ ಇದು ಸಣ್ಣ ತೊಡಕಲ್ಲ.

ಹಾಗಂತ ಇಂಥ ಪರೀಕ್ಷೆ ಆಗದ ಮಾತೂ ಅಲ್ಲ. ಹೃದಯ ಕಸಿ ಮಾಡಿಸಿಕೊಂಡವರ ದೇಹ ಹೊಸ ಹೃದಯವನ್ನು ತಿರಸ್ಕರಿಸುತ್ತಿದೆಯೋ ಇಲ್ಲವೋ ಅಂತ ರಕ್ತಕಣಗಳ 20 ಜೀನ್ ಅಳೆದು ಹೇಳುವ ‘ಆಲೋಮ್ಯಾಪ್’ ಪರೀಕ್ಷೆಗೆ ಅಮೆರಿಕದ ಎಫ್‌ಡಿಎ 2008ರಲ್ಲಿ ಅನುಮತಿ ಕೊಟ್ಟಿತು. ಅಲ್ಲಿ ಪ್ರಶ್ನೆ ಚಿಕ್ಕದು, ರೋಗಿ ಯಾರು ಅಂತ ಗೊತ್ತು, ಫಲಿತಾಂಶ ಬಂದ ಮೇಲೆ ಏನು ಮಾಡಬೇಕು ಅನ್ನೋದೂ ಗೊತ್ತು. ಅದೇ ದೇಶದಲ್ಲಿ ‘ಕೋರಸ್ ಸಿಎಡಿ’ ಎಂಬ ಇನ್ನೊಂದು ಪರೀಕ್ಷೆ ರಕ್ತದ 23 ಜೀನ್ ನೋಡಿ ಹೃದಯದ ರಕ್ತನಾಳದಲ್ಲಿ ಅಡಚಣೆ ಇರುವ ಸಾಧ್ಯತೆ ಹೇಳುತ್ತಿತ್ತು. ಡಯಾಬಿಟಿಸ್ ಇದ್ದವರಿಗೆ ಅದು ಬಳಕೆಗೆ ಬರುತ್ತಿರಲಿಲ್ಲ. ಸರ್ಕಾರಿ ವಿಮೆ ಮೆಡಿಕೇರ್ ಅದಕ್ಕೆ ಹಣ ಕೊಡುವುದನ್ನು ನಿಲ್ಲಿಸಿತು. 2019ರಲ್ಲಿ ಕಂಪನಿಯೇ ಮುಚ್ಚಿತು. ಜೀನ್ ಅಳೆಯಲು ಬರುತ್ತದೆ ಅನ್ನೋದು ಬೇರೆ, ಅಳೆದದ್ದರಿಂದ ರೋಗಿಯ ಬದುಕು ಬದಲಾಗುತ್ತದೆ ಅಂತ ಸಾಬೀತು ಮಾಡೋದು ಬೇರೆ.

ನಮ್ಮ ಅಳತೆಗೋಲು ಬೇಕು

ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ ಪ್ರಶ್ನೆ ಇನ್ನೊಂದಿದೆ. ನಾನು ಇಲ್ಲಿ ಹೇಳಿದ ಜೀನ್ ಅಧ್ಯಯನಗಳೆಲ್ಲ ಯುರೋಪ್ ಮತ್ತು ಅಮೆರಿಕದವು. ಆ ಅಳತೆಗೋಲನ್ನು ಹಾಗೇ ತಂದು ನಮ್ಮ ತೋಳಿಗೆ ಚುಚ್ಚಿದರೆ ಬಿಎಂಐಗೆ ಆದ ಗತಿಯೇ ಇದಕ್ಕೂ ಆದೀತು. ಎಚ್‌ಬಿಎ1ಸಿಯನ್ನೇ ನೋಡಿ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಸರಳ ಪರೀಕ್ಷೆಗೇ ಇಷ್ಟು ತಿದ್ದುಪಡಿ ಬೇಕಾದರೆ, ಸೋಂಕು, ಪೌಷ್ಟಿಕಾಂಶ ಎಲ್ಲಕ್ಕೂ ಮಿಡಿಯುವ ಬಿಳಿ ಕಣದ ಪರೀಕ್ಷೆಗೆ ಎಷ್ಟು ಬೇಕು?

ಇದಕ್ಕೆ ಬೇಕಾದ ತಳಹದಿ ನಮ್ಮ ರಾಜ್ಯದಲ್ಲೇ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ಬರೆದಿಟ್ಟಿತ್ತು. ಆ ದಾಖಲೆ ಹಿಡಿದು ದೊಡ್ಡವರಾದ 506 ಜನರನ್ನು ಪತ್ತೆ ಮಾಡಿ ಪರೀಕ್ಷಿಸಿದ ವರದಿ 1998ರಲ್ಲಿ ಬಂತು. ಹುಟ್ಟುವಾಗ ಗಿಡ್ಡಗೆ, ಉದ್ದಕ್ಕೆ ಹೋಲಿಸಿದರೆ ಗುಂಡಗೆ ಇದ್ದವರಲ್ಲಿ, ತಾಯಿ ಭಾರವಿದ್ದವರಲ್ಲಿ ಡಯಾಬಿಟಿಸ್ ಹೆಚ್ಚಿತ್ತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನ 800ಕ್ಕೂ ಹೆಚ್ಚು ಗರ್ಭಿಣಿಯರ ಗ್ಲುಕೋಸ್ ಪರೀಕ್ಷೆ ಮಾಡಿ, ಅವರ ಮಕ್ಕಳು ಬೆಳೆಯುವುದನ್ನು ಗಮನಿಸುತ್ತಾ ಬಂತು. ಬಿಳಿ ಕಣಗಳ ಗುರುತು ಮುಂದೆ ಬರುವ ರೋಗವನ್ನು ನಿಜಕ್ಕೂ ಹೇಳುತ್ತದೋ ಅಂತ ತಿಳಿಯಬೇಕಾದರೆ ಹೀಗೆ ಹುಟ್ಟಿನಿಂದ ಹಿಂಬಾಲಿಸಿದ ಜನ ಬೇಕು. ಒಂದು ದಿನ ಕ್ಯಾಂಪ್ ಹಾಕಿ ರಕ್ತ ತೆಗೆದರೆ ಸಾಲದು. ಇಂಥ ದೀರ್ಘ ಅಧ್ಯಯನಗಳಿಗೆ ದುಡ್ಡು ಕೊಡೋದು ಸರ್ಕಾರದ ಕೆಲಸ, ಪರೀಕ್ಷೆ ಮಾರುವ ಕಂಪನಿಯದ್ದಲ್ಲ.

ಅಲ್ಲಿಯವರೆಗೆ ಟೇಪು

ಬೇಗ ಗೊತ್ತಾದರೆ ಲಾಭವಿದೆಯೇ? ಖಂಡಿತ ಇದೆ. ಚೆನ್ನೈನ ಎ. ರಾಮಚಂದ್ರನ್ ತಂಡ ಪ್ರಿಡಯಾಬಿಟಿಸ್ ಇದ್ದ 531 ಜನರ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶ 2006ರಲ್ಲಿ ಬಂತು. ಸುಮ್ಮನೆ ಬಿಟ್ಟ ಗುಂಪಿನಲ್ಲಿ ಮೂರು ವರ್ಷದೊಳಗೆ ಶೇ. 55 ಮಂದಿಗೆ ಡಯಾಬಿಟಿಸ್ ಬಂತು. ನಡಿಗೆ, ಊಟದ ಬದಲಾವಣೆ ಹೇಳಿಕೊಟ್ಟ ಗುಂಪಿನಲ್ಲಿ ಅದು ಶೇ. 39.3. ಔಷಧಿಯಿಲ್ಲದೆ ಇಷ್ಟು. ಇನ್ನೂ ಮುಂಚೆ ಹಿಡಿದರೆ ಇನ್ನೂ ಒಳ್ಳೆಯದಾಗಬಹುದು ಅನ್ನೋ ಆಸೆಯೇ ಈ ಸಂಶೋಧನೆಯ ಬೆನ್ನಿಗಿರುವುದು.

ಆದರೆ ‘ಇನ್ನೂ ಮುಂಚೆ’ ಅನ್ನುವುದಕ್ಕೆ ಜೀನ್ ಪರೀಕ್ಷೆಯನ್ನೇ ಕಾಯಬೇಕಿಲ್ಲ. ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ 2005ರಲ್ಲಿ ಪ್ರಕಟಿಸಿದ ಭಾರತೀಯ ಡಯಾಬಿಟಿಸ್ ರಿಸ್ಕ್ ಸ್ಕೋರ್ ಕೇಳುವುದು ನಾಲ್ಕೇ ವಿಷಯ: ವಯಸ್ಸು, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆಯೇ. 60 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಅಪಾಯ ಹೆಚ್ಚು, ರಕ್ತ ಪರೀಕ್ಷೆ ಮಾಡಿಸಿ ಅಂತ ಅರ್ಥ. ಜಾಹೀರಾತಿಗೆ ದುಡ್ಡು ಕಟ್ಟುವ ಬದಲು ನಾನು ಮನೆಯಲ್ಲಿದ್ದ ಹೊಲಿಗೆ ಟೇಪು ತಗೊಂಡು ಅಳೆದೆ. ಸೊಂಟ 91 ಸೆಂ.ಮೀ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಎಚ್ಚರಿಕೆಯ ಗೆರೆ. ವಯಸ್ಸಿಗೆ 20, ಸೊಂಟಕ್ಕೆ 10, ಕೂತು ಮಾಡುವ ಕೆಲಸ ಮತ್ತು ವ್ಯಾಯಾಮ ಇಲ್ಲದ್ದಕ್ಕೆ 30, ಅಪ್ಪನಿಗೆ ಶುಗರ್ ಇದ್ದದ್ದಕ್ಕೆ 10. ಒಟ್ಟು 70.

ಐದಾರು ವರ್ಷ ಮೊದಲು ಅಳೆದಿದ್ದರೂ ಬಹುಶಃ ಇದೇ ಅಂಕ ಬರುತ್ತಿತ್ತು. ಯಾರೂ ಅಳೆಯಲಿಲ್ಲ, ಯಾಕಂದ್ರೆ ನಾನು ತೆಳ್ಳಗಿದ್ದೆ. ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವ ವ್ಯವಸ್ಥೆ ಶುರುವಾಗಿದೆ. ಬಂದವರ ಚೀಲದಲ್ಲಿ ಟೇಪು ಇರಲಿ, ತೆಳ್ಳಗಿರುವವರನ್ನೂ ಅಳೆಯಲಿ. ಬಿಳಿ ಕಣಗಳ ಪರೀಕ್ಷೆ ಮುಂದೊಂದು ದಿನ ಬಂದರೆ, ಟೇಪು ಹಿಡಿಯಲಾಗದವರನ್ನು ಹಿಡಿಯುವ ಎರಡನೇ ಜರಡಿಯಾಗಿ ಬರಲಿ. ಇವತ್ತಿಗೆ ಅದು ಸಂಶೋಧನಾಲಯದ ಸಾಮಗ್ರಿ. ಅದರ ಹೆಸರಲ್ಲಿ ಯಾರಾದರೂ ಪ್ಯಾಕೇಜ್ ಮಾರಲು ಬಂದರೆ ಎರಡು ಪ್ರಶ್ನೆ ಕೇಳಿ: ನೀವು ಅಳೆಯೋದು ಡಿಎನ್‌ಎನೋ ಆರ್‌ಎನ್‌ಎನೋ? ನಮ್ಮಂಥ ಜನರನ್ನು ಎಷ್ಟು ವರ್ಷ ಹಿಂಬಾಲಿಸಿ ಈ ಸಂಖ್ಯೆ ನಿಗದಿ ಮಾಡಿದ್ದೀರಿ?

ನಾನು ಈಗ ಊಟದ ಮೇಲೆ ಅರ್ಧ ಗಂಟೆ ನಡೆಯುತ್ತೇನೆ. ಅನ್ನ ಕಡಿಮೆ, ಕಾಳು ತರಕಾರಿ ಜಾಸ್ತಿ. ಎಂಟು ತಿಂಗಳ ಮೇಲೆ ಎಚ್‌ಬಿಎ1ಸಿ 5.8ಕ್ಕೆ ಬಂದಿದೆ. ಇನ್ನೂ ಹೊಸ್ತಿಲ ಮೇಲೇ ಇದ್ದೇನೆ. ಹೋಳಿಗೆ ಬಡಿಸೋಕೆ ಬಂದವರಿಗೆ ಈಗ ಸಂಖ್ಯೆ ಹೇಳ್ತೀನಿ, ಮೈ ನೋಡಬೇಡಿ ಅಂತೀನಿ.